ಹವಾನಾದ ನೆಪೋಲಿಯನ್ ಮ್ಯೂಸಿಯಮ್ಮಲ್ಲಿ ಫೆರಾರಾನ ಹುಡುಕ್ತಾ

ಹವಾನಾಕ್ಕೆ ಹೋಗಿ ಬಂದೋರೆಲ್ಲ ಹಳೇ ಅಮೆರಿಕನ್ ಕಾರು, ಸಿಗಾರು, ಮಲೆಕೋನ್ ಕಡಲ ದಂಡೆ ಫೋಟೋ ಹಾಕ್ತಾರೆ. ನಾನೂ ಹಾಕಿದೀನಿ. ಆದ್ರೆ ಬಂದು ಇಷ್ಟು ದಿನ ಆದ್ಮೇಲೂ ನನ್ನ ತಲೇಲಿ ಕೂತಿರೋದು ಒಂದು ಮನೆ ಮತ್ತೆ ಆ ಮನೆ ಕಟ್ಟಿಸಿದ ಫೆರಾರಾ ಅನ್ನೋ ಮನುಷ್ಯ, ಅದಕ್ಕೇ ಇದನ್ನ ಬರೀತಿರೋದು.

ಅಪ್ಪ ಹಾಸನದಿಂದ ಟೊರಾಂಟೊಗೆ ಬಂದಿದ್ರು. ಫೆಬ್ರವರಿ ಚಳಿಗೆ ಪಾಪ ಮನೆ ಬಿಟ್ಟು ಆಚೆ ಕಾಲಿಡೋಕೆ ಆಗ್ತಿರ್ಲಿಲ್ಲ, ಇಲ್ಲಿನ ಜನ ಚಳಿಗಾಲದಲ್ಲಿ ಕ್ಯೂಬಾಕ್ಕೆ ಹೋಗೋದು ಮಾಮೂಲಿ, ಹಾಗಾಗಿ ಒಂದು ವಾರ ನಾವಿಬ್ಬರೇ ಹೊರಟ್ವಿ. ಅಪ್ಪ ಮೂವತ್ತು ವರ್ಷ ಪಿಯುಸಿ ಹುಡುಗರಿಗೆ ಇತಿಹಾಸ ಪಾಠ ಮಾಡಿದೋರು, ಅವರಿಗೆ ಬೀಚ್ ಬೇಡ. "ನೆಪೋಲಿಯನ್ ಮ್ಯೂಸಿಯಂ ಇದೆಯಂತಲ್ಲಮ್ಮ, ಕ್ಯೂಬಾದಲ್ಲಿ ನೆಪೋಲಿಯನ್ ಹೇಗೆ ಬಂದ, ಅದನ್ನ ನೋಡ್ಬೇಕು" ಅಂತ ಪ್ಲೇನಲ್ಲೇ ಹೇಳಿದ್ರು.

ಮ್ಯೂಸಿಯಂ ಇರೋದು ವೆದಾದೊ ಅನ್ನೋ ಬಡಾವಣೆ ಹತ್ರ, ಸಾನ್ ಮಿಗೆಲ್ ರಸ್ತೇಲಿ, ಹವಾನಾ ಯೂನಿವರ್ಸಿಟಿ ಪಕ್ಕಕ್ಕೇ. ಮೊದಲು ಯೂನಿವರ್ಸಿಟಿ ಮೆಟ್ಟಿಲ ಹತ್ರ ಇಳಿದ್ವಿ. 88 ಮೆಟ್ಟಿಲು, ಮೇಲೆ ಕೈ ಚಾಚಿ ಕೂತಿರೋ ಅಲ್ಮಾ ಮಾತೆರ್ ಕಂಚಿನ ಪ್ರತಿಮೆ, 1919ರದ್ದು. ಮಂಡಿನೋವು ಇದ್ರೂ ಅಪ್ಪ ನಡುನಡುವೆ ನಿಂತು ನಿಂತು ಹತ್ತೇಬಿಟ್ರು. ಮೆಟ್ಟಿಲಿನ ಎದುರಿಗೆ ರಸ್ತೆಯಾಚೆ ಹೂಲಿಯೊ ಅಂತೋನಿಯೊ ಮೆಲ್ಲಾ ಸ್ಮಾರಕ ಇದೆ. ಮೆಲ್ಲಾ ಇದೇ ಯೂನಿವರ್ಸಿಟಿಯ ಸ್ಟೂಡೆಂಟ್ ಲೀಡರ್, ಅಧ್ಯಕ್ಷ ಮಚಾದೊ ವಿರುದ್ಧ ನಿಂತು ದೇಶ ಬಿಡಬೇಕಾಯ್ತು, 1929ರ ಜನವರೀಲಿ ಮೆಕ್ಸಿಕೊದಲ್ಲಿ ಗುಂಡಿಗೆ ಬಲಿಯಾದ, ಆಗ ಬರೀ 25 ವರ್ಷ. ಈ ಸ್ಮಾರಕದಿಂದ ಕೂಗಳತೆ ದೂರದಲ್ಲೇ ನಾವು ನೋಡೋಕೆ ಹೊರಟಿದ್ದ ಮನೆ, ಅದರ ಯಜಮಾನ ಆಮೇಲೆ ಅದೇ ಮಚಾದೊನ ವಿದೇಶಾಂಗ ಮಂತ್ರಿ ಆದೋನು. ಅದು ನಮಗೆ ಆಗ ಗೊತ್ತಿರ್ಲಿಲ್ಲ.

ಮನೆ ನೋಡಿದ ತಕ್ಷಣ ಇದು ಕ್ಯೂಬಾನಾ ಇಟಲಿಯಾ ಅನ್ನಿಸುತ್ತೆ. ನಾಲ್ಕು ಅಂತಸ್ತು, ಫ್ಲಾರೆನ್ಸ್ ಕಡೆಯ ಹಳೇ ಅರಮನೆಗಳ ಥರ, ಒಳಗೆಲ್ಲ ಅಮೃತಶಿಲೆ. ಗೋವಾಂತೆಸ್ ಮತ್ತು ಕಬಾರ್ರೋಕಾಸ್ ಅನ್ನೋ ಇಬ್ಬರು ಆರ್ಕಿಟೆಕ್ಟ್‌ಗಳು 1920ರ ದಶಕದ ಕೊನೇಲಿ ಕಟ್ಟಿದ್ದು. ಯಜಮಾನ ಇಟ್ಟ ಹೆಸರು 'ಲಾ ದೋಲ್ಚೆ ದಿಮೋರಾ', ಅಂದ್ರೆ ಸವಿಮನೆ ಅನ್ನಬಹುದೇನೋ. ಅವನೇ ಓರೆಸ್ತೆಸ್ ಫೆರಾರಾ.

ಒಳಗೆ ಎಲ್ಲ ನೆಪೋಲಿಯನ್. ಅವನ ಟೋಪಿ, ಕೊನೆಗೆ ಸೆರೆಯಲ್ಲಿದ್ದ ಸೇಂಟ್ ಹೆಲೆನಾ ದ್ವೀಪದಲ್ಲಿ ಬಳಸ್ತಿದ್ದ ದೂರದರ್ಶಕ, ಒಂದು ಹಲ್ಲು, ಕೂದಲು, ಸತ್ತ ಮೇಲೆ ಮುಖದಿಂದ ತೆಗೆದ ಅಚ್ಚಿನ ಪ್ರತಿ. ಅಪ್ಪನ ಪ್ರಶ್ನೆಗೆ ಉತ್ತರ ಆ ಅಚ್ಚಿನ ಮುಂದೇನೇ ಸಿಕ್ತು. ನೆಪೋಲಿಯನ್‌ನ ಕೊನೇ ಡಾಕ್ಟರ್ ಅಂತೊಮ್ಮಾರ್ಕಿ ಆ ಅಚ್ಚನ್ನ ಜೊತೇಲಿಟ್ಟುಕೊಂಡೇ ಕ್ಯೂಬಾಕ್ಕೆ ಬಂದು, 1838ರಲ್ಲಿ ಸಾಂತಿಯಾಗೊದಲ್ಲಿ ತೀರಿಕೊಂಡ. ಮಿಕ್ಕಿದ್ದರಲ್ಲಿ ಬಹಳಷ್ಟು ಹೂಲಿಯೊ ಲೋಬೊ ಅನ್ನೋ ಸಕ್ಕರೆ ಸಾಹುಕಾರ ಜೀವಮಾನ ಪೂರ್ತಿ ಕೂಡಿಟ್ಟಿದ್ದು. ಕ್ರಾಂತಿ ಆದ್ಮೇಲೆ 1960ರಲ್ಲಿ ಲೋಬೊ ದೇಶ ಬಿಟ್ಟ, ಫೆರಾರಾನ ಮನೆ ಸರ್ಕಾರದ ಕೈ ಸೇರ್ತು, ಒಬ್ಬನ ಸಂಗ್ರಹ ಇನ್ನೊಬ್ಬನ ಮನೇಲಿಟ್ಟು 1961ರ ಡಿಸೆಂಬರ್ 1ಕ್ಕೆ ಮ್ಯೂಸಿಯಂ ತೆರೆದ್ರು.

ಅಪ್ಪ ಸ್ವಲ್ಪ ಹೊತ್ತು ಟೋಪಿ ನೋಡಿದ್ರು, ಆಮೇಲೆ "ಅದಿರ್ಲಿ, ಈ ಮನೆಯೋನು ಯಾರಮ್ಮ?" ಅಂದ್ರು. ಅಲ್ಲಿಂದ ನಮ್ಮ ಪ್ರವಾಸವೇ ಬದಲಾಯ್ತು ಅನ್ನಬೇಕು. ರಾತ್ರಿ ನಾವಿದ್ದ ಹೋಮ್‌ಸ್ಟೇಲಿ ಕೂತು ಹುಡುಕಿ ಹುಡುಕಿ ಓದಿದ್ವಿ, ಮಾರನೇ ದಿನ ಮತ್ತೆ ಅದೇ ಮನೆಗೆ ಹೋದ್ವಿ.

ಫೆರಾರಾ ಹುಟ್ಟಿದ್ದು 1876ರಲ್ಲಿ, ನೇಪಲ್ಸಲ್ಲಿ. ಕಾನೂನು ಓದ್ತಿದ್ದ ಹುಡುಗ. ಆ ಹೊತ್ತಿಗೆ ಕ್ಯೂಬಾದಲ್ಲಿ ಸ್ಪೇನ್ ವಿರುದ್ಧ ಯುದ್ಧ ನಡೀತಿತ್ತು, ಹೋರಾಟದ ದೊಡ್ಡ ನಾಯಕರಲ್ಲಿ 1895ರಲ್ಲಿ ಹೋಸೆ ಮಾರ್ತಿ ಸತ್ತ, 1896ರಲ್ಲಿ ಅಂತೋನಿಯೊ ಮಾಸೆಯೊ ಸತ್ತ, ಮುದುಕ ಜನರಲ್ ಮಾಕ್ಸಿಮೊ ಗೋಮೆಸ್ ಎದೆಗೊಟ್ಟು ನಿಂತಿದ್ದ ಕಾಲ ಅದು. ನಮ್ಮವರು ಅನ್ನೋರು ಯಾರೂ ಇಲ್ಲದ ಆ ದ್ವೀಪಕ್ಕೆ ಈ ಹುಡುಗ ಕಡಲು ದಾಟಿ 1897ರಲ್ಲಿ ಹೋದ, ಇನ್ನೊಬ್ಬರ ಸ್ವಾತಂತ್ರ್ಯಕ್ಕೆ ಕಾದಾಡೋಕೆ. ಗೋಮೆಸ್ ಕೈಕೆಳಗೆ ಹೋರಾಡಿ ಯುದ್ಧ ಮುಗಿಯೋ ಹೊತ್ತಿಗೆ ಕರ್ನಲ್ ಆಗಿದ್ದ. ಅಪ್ಪನ ಕಣ್ಣು ಒದ್ದೆಯಾಗಿತ್ತು, "ಇಪ್ಪತ್ತು ವರ್ಷದ ಹುಡುಗ ಕಣಮ್ಮ, ನನ್ನ ಕ್ಲಾಸಲ್ಲಿ ಕೂರ್ತಿದ್ದ ಹುಡುಗರಿಗಿಂತ ಎರಡ್ಮೂರು ವರ್ಷ ದೊಡ್ಡೋನು ಅಷ್ಟೇ" ಅಂದ್ರು.

ಆಮೇಲೆ ಅವನು ಅಲ್ಲೇ ಉಳಿದ. ಹವಾನಾ ಯೂನಿವರ್ಸಿಟಿಲಿ ಪ್ರೊಫೆಸರ್, ಸಂಸತ್ತಿನ ಕೆಳಮನೆ ಸ್ಪೀಕರ್, 'ಎರಾಲ್ದೊ ದೆ ಕೂಬಾ' ಪತ್ರಿಕೆ ನಡೆಸಿದ, ವಾಷಿಂಗ್ಟನ್ನಲ್ಲಿ ರಾಯಭಾರಿ. 1928ರಲ್ಲಿ ಹವಾನಾದಲ್ಲೇ ಅಮೆರಿಕ ಖಂಡದ ದೇಶಗಳ ದೊಡ್ಡ ಸಮ್ಮೇಳನ ಆಯ್ತು. ಅಮೆರಿಕ ನಮ್ಮ ದೇಶಗಳಿಗೆ ಸೈನ್ಯ ನುಗ್ಗಿಸೋದು ನಿಲ್ಲಬೇಕು ಅಂತ ಲ್ಯಾಟಿನ್ ದೇಶಗಳ ಪ್ರತಿನಿಧಿಗಳು ಕೇಳ್ತಿದ್ದಾಗ ಫೆರಾರಾ ಎದ್ದು ನಿಂತು, ಹಸ್ತಕ್ಷೇಪ ಅನ್ನೋ ಮಾತು ನನ್ನ ದೇಶಕ್ಕೆ ಗೌರವದ ಮಾತು, ಅದರಿಂದಲೇ ನಮಗೆ ಸ್ವಾತಂತ್ರ್ಯ ಬಂತು ಅನ್ನೋ ಅರ್ಥದಲ್ಲಿ ಮಾತಾಡಿದ. 1898ರಲ್ಲಿ ಅಮೆರಿಕ ಯುದ್ಧಕ್ಕೆ ಇಳಿದಿದ್ದು ನಿಜ, ಸ್ಪೇನ್ ಸೋತಿದ್ದೂ ನಿಜ. ಆದ್ರೆ ಅದರ ಬೆಲೆಯಾಗಿ ಪ್ಲಾಟ್ ತಿದ್ದುಪಡಿ ಬಂತು, ಬೇಕಾದಾಗ ಕ್ಯೂಬಾ ಒಳಗೆ ಬರೋ ಹಕ್ಕು ಅಮೆರಿಕಕ್ಕೆ ಸಿಕ್ತು, 1934ರವರೆಗೂ ಅದು ಕ್ಯೂಬಾದ ಕುತ್ತಿಗೆ ಮೇಲಿತ್ತು. ಕಾಡಲ್ಲಿ ಮಲಗಿ ಹೋರಾಡಿದವನ ಬಾಯಲ್ಲಿ ಆ ಮಾತು ಹೇಗೆ ಬಂತು ಅನ್ನೋದು ನನಗೆ ಇವತ್ತಿಗೂ ಅರ್ಥ ಆಗಿಲ್ಲ. ಅಪ್ಪ ಮಾತ್ರ, ಆಗ ಬದುಕುಳಿದವರಿಗೆ ಹಾಗನ್ನಿಸಿರಬಹುದು, ನಾವು ಇಲ್ಲಿ ಕೂತು ಸುಲಭವಾಗಿ ಹೇಳಬಾರದು ಅಂದ್ರು. ಈ ವಿಷಯಕ್ಕೆ ಇಬ್ಬರಿಗೂ ಸುಮಾರು ಹೊತ್ತು ವಾದ ಆಯ್ತು.

1932ರಲ್ಲಿ ಫೆರಾರಾ ಮಚಾದೊಗೆ ವಿದೇಶಾಂಗ ಮಂತ್ರಿ ಆದ. ಅಷ್ಟೊತ್ತಿಗೆ ಮಚಾದೊ ಸರ್ವಾಧಿಕಾರಿ ಅನ್ನೋದು ಎಲ್ಲರಿಗೂ ಗೊತ್ತಿತ್ತು, 1930ರ ಸೆಪ್ಟೆಂಬರ್ 30ಕ್ಕೆ ರಫಾಯೆಲ್ ತ್ರೆಹೊ ಅನ್ನೋ ವಿದ್ಯಾರ್ಥಿ ಪೊಲೀಸರ ಗುಂಡೇಟು ತಿಂದಿದ್ದ, ಅದರಿಂದಲೇ ಸತ್ತ, ಯೂನಿವರ್ಸಿಟಿ ಬಾಗಿಲು ಹಾಕಿತ್ತು. ಅದೇ ಯೂನಿವರ್ಸಿಟಿಲಿ ಪಾಠ ಮಾಡಿದ ಮೇಷ್ಟ್ರು ಇವನು, ಮನೇನೂ ಪಕ್ಕದಲ್ಲೇ. 1933ರ ಆಗಸ್ಟ್ 12ಕ್ಕೆ ಸರ್ಕಾರ ಬಿತ್ತು. ಫೆರಾರಾ ಹೆಂಡತಿ ಜೊತೆ ಬಂದರಿಗೆ ಓಡಿ ನೀರಿಂದ ಹಾರೋ ವಿಮಾನ ಹತ್ತಿ, ಗುಂಡಿನ ಮಳೆ ನಡುವೆ ಮಯಾಮಿಗೆ ತಪ್ಪಿಸಿಕೊಂಡ.

ಆಮೇಲೂ ಅವನ ಕಥೆ ಮುಗಿಯಲ್ಲ. 1940ರ ಸಂವಿಧಾನ ಸಭೆಗೆ ಆರಿಸಿ ಬಂದ, ಅದೇ ವರ್ಷ ಅವನ ಮೇಲೆ ಗುಂಡು ಹಾರಿಸಿದ್ರು, ಬದುಕಿದ. ಯುನೆಸ್ಕೊದಲ್ಲಿ ಕ್ಯೂಬಾದ ಪ್ರತಿನಿಧಿಯಾಗಿದ್ದ. ಜೊತೆಜೊತೆಗೆ ಬರೀತಾನೇ ಇದ್ದ, ಇಟಲಿಯ ರಾಜನೀತಿ ಚಿಂತಕ ಮ್ಯಾಕಿಯವೆಲ್ಲಿ ಮೇಲೆ ಪುಸ್ತಕ, ಬೋರ್ಜಾ ಮನೆತನದ ಪೋಪ್ ಆರನೇ ಅಲೆಕ್ಸಾಂಡರ್ ಮೇಲೆ ಪುಸ್ತಕ. ಲೋಕವೆಲ್ಲ ಕೆಟ್ಟವನು ಅಂತ ಬೈದ ಆ ಪೋಪ್ ಮೇಲೆ ಹೊರಿಸಿದ ಅಪವಾದಗಳನ್ನ ಒಂದೊಂದಾಗಿ ಬಿಡಿಸಿ ನೋಡೋ ಪುಸ್ತಕ ಅದು. ಹಾಗೆ ಬರೆಯುವಾಗ ತನ್ನನ್ನೇ ನೆನೆಸಿಕೊಂಡಿದ್ನೋ ಏನೋ, ನನಗಂತೂ ಹಾಗನ್ನಿಸಿತು. 1972ರಲ್ಲಿ ರೋಮ್‌ನಲ್ಲಿ ತೀರಿಕೊಂಡ, 95 ವರ್ಷ.

ಎರಡನೇ ದಿನ ನಾವು ಸೀದಾ ನಾಲ್ಕನೇ ಅಂತಸ್ತಿಗೆ ಹೋದ್ವಿ, ಅಲ್ಲಿ ಲೈಬ್ರರಿ ಇದೆ, ಮರದ ಕಪಾಟುಗಳು, ಆಚೆ ತಾರಸಿ. ಕಾವಲಿಗಿದ್ದ ಹೆಂಗಸಿಗೆ ನನ್ನ ಅರೆಬರೆ ಸ್ಪ್ಯಾನಿಷಲ್ಲಿ ಫೆರಾರಾ ಬಗ್ಗೆ ಕೇಳಿದೆ. ಅವರು ಮೊದಲು ಆಶ್ಚರ್ಯದಿಂದ ನೋಡಿದ್ರು, ಎಲ್ಲರೂ ನೆಪೋಲಿಯನ್ ಬಗ್ಗೆನೇ ಕೇಳ್ತಾರೆ ಅಂದ್ರು, ಆಮೇಲೆ ಅಪ್ಪನಿಗೆ ಕುರ್ಚಿ ಕೊಟ್ಟು ಕೂರಿಸಿದ್ರು.

ಅಪ್ಪ ಆ ಕುರ್ಚಿಲಿ ಸುಮಾರು ಅರ್ಧ ಗಂಟೆ ಕೂತಿದ್ರು. ಕೆಳಗೆ ರಸ್ತೇಲಿ ಕ್ಲಾಸು ಬಿಟ್ಟ ಹುಡುಗ ಹುಡುಗಿಯರ ಗಲಾಟೆ ಕೇಳಿಸ್ತಿತ್ತು. "ಈ ಗಲಾಟೆ ಅವನಿಗೂ ಕೇಳಿಸ್ತಿತ್ತಲ್ಲಮ್ಮ" ಅಂದ್ರು ಅಪ್ಪ. ವಾಪಸ್ ಬರ್ತಾ ಮೆಲ್ಲಾ ಸ್ಮಾರಕದ ಹತ್ರ ಕಾರು ನಿಲ್ಲಿಸೋಕೆ ಹೇಳಿದ್ರು, ಇಳಿದು ಚಪ್ಪಲಿ ಬಿಟ್ಟು ಕೈ ಮುಗಿದು ಬಂದ್ರು.