ಬರೋಡಾ ಅರಮನೆ ನೋಡೋಕೆ ಗಾಲ್ಫ್ ಮೈದಾನದಿಂದ ಶುರು ಮಾಡಿ

ವಡೋದರಾದ, ಅಂದರೆ ಹಳೆಯ ಬರೋಡಾದ, ಲಕ್ಷ್ಮೀ ವಿಲಾಸ ಅರಮನೆಗೆ ಹೋಗುವವರು ಸಾಮಾನ್ಯವಾಗಿ ಟಿಕೆಟ್ ತಗೊಂಡು, ಆಡಿಯೋ ಗೈಡ್ ಕಿವಿಗೆ ಇಟ್ಟುಕೊಂಡು ದರ್ಬಾರ್ ಹಾಲ್ ಕಡೆ ನಡೆಯುತ್ತಾರೆ. ನನ್ನ ಕೇಳಿದರೆ ಅದನ್ನು ಮಧ್ಯಾಹ್ನಕ್ಕೆ ಇಟ್ಟುಕೊಳ್ಳಿ. ಬೆಳಗ್ಗೆ ಬೇಗ ಎದ್ದು ಅರಮನೆಯ ಗಾಲ್ಫ್ ಮೈದಾನಕ್ಕೆ ಹೋಗಿ.

ಮೈದಾನ ಇರುವುದು ಅರಮನೆಯ ಆವರಣದೊಳಗೇ. 1930ರ ದಶಕದಲ್ಲಿ ಬರೋಡಾ ರಾಜಮನೆತನದ ಪ್ರತಾಪಸಿಂಹ ಗಾಯಕವಾಡರು ಯುರೋಪಿನ ಅತಿಥಿಗಳಿಗಾಗಿ ಮಾಡಿಸಿದ್ದು. 1990ರ ದಶಕದಲ್ಲಿ ಅವರ ಮೊಮ್ಮಗ, ರಣಜಿ ಆಡಿದ್ದ ಸಮರ್‌ಜಿತ್‌ಸಿಂಹ ಅದನ್ನು ಸರಿಪಡಿಸಿ ಹೊರಗಿನವರಿಗೂ ತೆರೆದರು. ನಾನು ಆಡೋದು ಮೈಸೂರಿನಲ್ಲಿ, ರೇಸ್ ಕೋರ್ಸ್ ಮಗ್ಗುಲಲ್ಲಿ ಚಾಮುಂಡಿ ಬೆಟ್ಟ ನೋಡಿಕೊಂಡು. ನಮ್ಮ ಅರಮನೆ ಮುಂದೆ ನಿಂತು ಚೆಂಡು ಹೊಡೆಯುವುದನ್ನು ಊಹಿಸೋಕೂ ಆಗಲ್ಲ, ಅಲ್ವಾ? ಇಲ್ಲಿ ಮೊದಲ ಹೊಡೆತಕ್ಕೆ ನಿಂತು ತಲೆ ಎತ್ತಿದರೆ ಮರಗಳ ಮೇಲೆ ಗುಮ್ಮಟ, ಕಮಾನು, ಗೋಡೆಯಿಂದ ಹೊರಚಾಚಿದ ಜರೋಕಾ ಕಿಟಕಿಗಳು, ಅವೆಲ್ಲಕ್ಕಿಂತ ಎತ್ತರಕ್ಕೆ ಒಂದು ಗೋಪುರ, ಎಳೆ ಬಿಸಿಲಿಗೆ ಕಲ್ಲೆಲ್ಲ ಜೇನಿನ ಬಣ್ಣ. ಸುಮ್ನೆ ನಿಂತುಬಿಟ್ಟೆ.

ಗಾಲ್ಫ್ ಬ್ಯಾಗ್ ಹೊರುವ ಕ್ಯಾಡಿ ಆಗಿ ಬಂದವರು ವಯಸ್ಸಾದವರು. ನಾನು ನೋಡುತ್ತಿದ್ದುದನ್ನು ಕಂಡು ಬ್ಯಾಗ್ ಕೆಳಗಿಟ್ಟರು.

"ಆ ಗೋಪುರದಲ್ಲಿ ಗಡಿಯಾರ ಇಡಬೇಕು ಅಂತಿತ್ತಂತೆ. ಗಂಟೆ ಸದ್ದಿಗೆ ಸುತ್ತಲಿನ ಜನರ ನಿದ್ದೆ ಕೆಡುತ್ತೆ ಅಂತ ಮಹಾರಾಜರು ಬೇಡ ಅಂದರಂತೆ."

ಯಾವ ಮಹಾರಾಜರು ಅಂತ ಕೇಳಿದೆ.

"ಸಯಾಜಿರಾವ್. ಇನ್ಯಾರು?"

ಆಮೇಲೆ ಅವರು ಅರಮನೆ ಬಿಟ್ಟು ತಮ್ಮ ಅಜ್ಜಿಯ ವಿಷಯಕ್ಕೆ ಬಂದರು. ಅಜ್ಜಿಗೆ ಓದಲು ಬರುತ್ತಿತ್ತಂತೆ, ಅದೂ ಹಳ್ಳಿಯಲ್ಲಿ ಹುಟ್ಟಿದವರಿಗೆ. ಮಕ್ಕಳನ್ನು ಶಾಲೆಗೆ ಕಳಿಸದಿದ್ದರೆ ದಂಡ ಹಾಕ್ತಿದ್ದರು, ಅದಕ್ಕೆ ಹೆದರಿ ಮುತ್ತಜ್ಜ ಕಳಿಸಿದರು ಅಂದರು. ಈ ಅರಮನೆ ಕಟ್ಟಿಸಿದ ಸಯಾಜಿರಾವ್ 1906ರಲ್ಲಿ ಇಡೀ ಬರೋಡಾ ಸಂಸ್ಥಾನದಲ್ಲಿ ಪ್ರಾಥಮಿಕ ಶಿಕ್ಷಣ ಕಡ್ಡಾಯ ಮಾಡಿದ್ದು, 1913ರಲ್ಲಿ ಅಂಬೇಡ್ಕರ್ ಅವರ ಸ್ಕಾಲರ್‌ಶಿಪ್‌ಗೆ ಹಣ ಕೊಟ್ಟಿದ್ದು ನನಗೆ ಗೊತ್ತಿತ್ತು. ಆದರೆ ಆ ಕಾನೂನಿನಿಂದ ಅಕ್ಷರ ಕಲಿತ ಹುಡುಗಿಯ ಮೊಮ್ಮಗ ಎದುರಿಗೆ ನಿಂತು, ಅಜ್ಜಿ ಸಂಜೆ ಹೊತ್ತು ಪೇಪರ್ ಓದಿ ಹೇಳುತ್ತಿದ್ದುದನ್ನು ನೆನೆಸಿಕೊಳ್ಳುವಾಗ ಗಂಟಲು ಕಟ್ಟಿತು. ಆ ಬೆಳಗ್ಗೆ ಆಟ ಜಾಸ್ತಿ ಆಗಲಿಲ್ಲ. ಆಗಬೇಕು ಅಂತಲೂ ಅನ್ನಿಸಲಿಲ್ಲ.

ಮಧ್ಯಾಹ್ನ ಒಳಗೆ ಹೋದೆ. ಅರಮನೆ ಪೂರ್ತಿಯಾಗಿದ್ದು 1890ರಲ್ಲಿ. ನಕ್ಷೆ ಹಾಕಿದ ಮೇಜರ್ ಮ್ಯಾಂಟ್ 1881ರಲ್ಲೇ ತೀರಿಕೊಂಡ, ಮುಗಿಸಿದ್ದು ಮದ್ರಾಸಿನಲ್ಲಿ ಹೆಸರು ಮಾಡಿದ್ದ ವಾಸ್ತುಶಿಲ್ಪಿ ಚಿಶೋಮ್. ದರ್ಬಾರ್ ಹಾಲ್‌ನ ಮೊಸಾಯಿಕ್ ನೆಲ ಚೆನ್ನಾಗಿದೆ. ಆಯುಧಗಳ ಕೋಣೆ ನನಗೆ ರುಚಿಸಲಿಲ್ಲ.

ಹೋಗುವವರು ಎರಡು ವಿಷಯ ನೆನಪಿಡಿ. ಚಳಿಗಾಲದಲ್ಲೇ ಹೋಗಿ, ಬೇಸಿಗೆಯಲ್ಲಿ ಅಲ್ಲಿ 40 ಡಿಗ್ರಿ ದಾಟುತ್ತೆ. ಆಡೋದಿದ್ದರೆ ಕ್ಲಬ್‌ಗೆ ನೀವೇ ಫೋನ್ ಮಾಡಿ ಆ ದಿನ ಟೂರ್ನಮೆಂಟ್ ಇದೆಯಾ, ಗಾಲ್ಫ್ ಕೋಲುಗಳ ಸೆಟ್ ಬಾಡಿಗೆಗೆ ಸಿಗುತ್ತಾ ಅಂತ ಕೇಳಿಕೊಳ್ಳಿ. ಏಜೆಂಟನ್ನು ನಂಬಬೇಡಿ. ನಮ್ಮ ಏಜೆಂಟ್ ಅರಮನೆ ನೋಡೋಕೆ ಮೊದಲು ಹಾಕಿಕೊಟ್ಟಿದ್ದು ಸೋಮವಾರ. ಸೋಮವಾರ ಅರಮನೆಗೆ ರಜೆ! ಗೇಟಿನಿಂದಲೇ ವಾಪಸ್, ದಿನವಿಡೀ ಹಾಳು. ಕೇಳಿದರೆ "ಸಾರ್, ಮಾಲ್ ಇದೆಯಲ್ಲ" ಅಂದ.

ಹಾಗೆ ಒಂದು ದಿನ ಕಡಿಮೆಯಾಗಿದ್ದರಿಂದ ಪೆಟ್ಟು ಬಿದ್ದಿದ್ದು ಅರಮನೆ ಆವರಣದಲ್ಲೇ ಇರುವ ಫತೇಸಿಂಗ್ ಮ್ಯೂಸಿಯಂಗೆ. ಕ್ಯಾಲೆಂಡರಿನಲ್ಲಿ ನೋಡಿ ಬೆಳೆದ ರವಿವರ್ಮನ ಸರಸ್ವತಿ, ಲಕ್ಷ್ಮಿಯ ಮೂಲಚಿತ್ರಗಳು ಅಲ್ಲಿವೆ. ವೀಣೆಯ ತಂತಿ ಮೇಲಿನ ಬೆರಳುಗಳನ್ನು ಸರಿಯಾಗಿ ನೋಡುವ ಹೊತ್ತಿಗೆ ಬಾಗಿಲು ಹಾಕುವ ಸಮಯವಾಗಿತ್ತು. ಆ ಹೊಟ್ಟೆಯುರಿ ಇನ್ನೂ ಹೋಗಿಲ್ಲ.