ಯಾವ ಮೇಳ, ಯಾರ ಭಾಗವತಿಕೆ?

ಭಾನುವಾರ ಬೆಳಿಗ್ಗೆ ಎಂಟು ಗಂಟೆ. ಬರ್ಲಿನ್ನಿನ ಲೋಕಲ್ ರೈಲಿನಲ್ಲಿ ಕೂತಿದ್ದೆ. ಎದುರಿಗೆ ಬೇಕರಿಯ ಬಿಸಿ ಬನ್ನಿನ ಪೊಟ್ಟಣ ಹಿಡಿದ ಅಜ್ಜ. ನನ್ನ ಕಿವಿಯಲ್ಲಿ ಇನ್ನೂ ಧಬ್ ಧಬ್. ಅಷ್ಟರಲ್ಲಿ ಊರಿನಿಂದ ಅಮ್ಮನ ಫೋನ್. ಅಲ್ಲಿ ಊಟದ ಹೊತ್ತು.

"ಸ್ವರ ಎಂತ ಹೀಗೆ ಬಿದ್ದಿದೆ? ರಾತ್ರಿ ಎಲ್ಲಿಗೆ ಹೋಗಿದ್ದಿ?"

"ಆಟಕ್ಕೆ ಹೋಗಿದ್ದೆ."

ಒಂದು ಕ್ಷಣ ಸದ್ದಿಲ್ಲ. ಆಮೇಲೆ ಕೇಳಿದರು, "ಯಾವ ಮೇಳ?"

ನಮ್ಮೂರಲ್ಲಿ ಆಟ ಅಂದರೆ ರಾತ್ರಿಯಿಡೀ ನಡೆಯುವ ಯಕ್ಷಗಾನ, ಮೇಳ ಅಂದರೆ ಅದನ್ನು ಆಡುವ ತಂಡ. ತಮಾಷೆಗೆ ಅಂದ ಮಾತು. ಆದರೆ ಪೂರ್ತಿ ಸುಳ್ಳೂ ಅಲ್ಲ. ನಾನು ಹೋಗಿದ್ದು ಊರ ಹೊರಗಿನ ಹಳೇ ಕಾರ್ಖಾನೆಯೊಂದರಲ್ಲಿ ನಡೆದ ಟೆಕ್ನೋ ರಾತ್ರಿಗೆ. ಟೆಕ್ನೋ ಅಂದರೆ ಯಂತ್ರಗಳಲ್ಲಿ ಹುಟ್ಟಿಸುವ ಕುಣಿತದ ಸಂಗೀತ. ಬಾಗಿಲಲ್ಲಿ ನಿಂತವನು ಫೋನಿನ ಕ್ಯಾಮೆರಾ ಮೇಲೆ ಸಣ್ಣ ಸ್ಟಿಕರ್ ಅಂಟಿಸಿದ. ಒಳಗಿನದು ಒಳಗೇ ಇರಲಿ ಅನ್ನುವುದು ಇಲ್ಲಿನ ರಿವಾಜು. ಬೆಳಗಿನ ಜಾವ ಮೇಜಿನ ಹಿಂದೆ ನಿಂತಿದ್ದವರು ಬರ್ಲಿನ್ನಿನ ಡಿಜೆ ಎಲೆನ್ ಅಲಿಯನ್. ಐವತ್ತೈದು ದಾಟಿದ ಹೆಂಗಸು. ಎದುರು ಕುಣಿಯುತ್ತಿದ್ದವರಲ್ಲಿ ಅರ್ಧದಷ್ಟು ಜನ ಅವರು ಮೊದಲು ಡಿಜೆ ಆದಾಗ ಹುಟ್ಟೇ ಇರಲಿಲ್ಲ.

ಬೆಂಗಳೂರಿನ ಪಬ್ಬುಗಳಲ್ಲಿ ರಾತ್ರಿ ಹನ್ನೊಂದೂವರೆಗೆ ಲೈಟ್ ಹಾಕಿ ಎಬ್ಬಿಸುತ್ತಿದ್ದ ಕಾಲದವಳು ನಾನು. ಬರ್ಲಿನ್ನಿನಲ್ಲಿ ಆ ಗಡಿಯೇ ಇಲ್ಲ. 1949ರಲ್ಲೇ ಪಶ್ಚಿಮ ಬರ್ಲಿನ್ ಮುಚ್ಚುವ ಸಮಯದ ನಿಯಮವನ್ನು ಕೈಬಿಟ್ಟಿತು. ಎಲೆನ್ ಬೆಳೆದದ್ದು ಆ ಪಶ್ಚಿಮ ಬರ್ಲಿನ್ನಿನಲ್ಲೇ, ಸುತ್ತ ಗೋಡೆ ಇದ್ದಾಗ. 1989ರ ಹೊತ್ತಿಗೆ ಒಂದು ವರ್ಷ ಲಂಡನ್ನಿನಲ್ಲಿದ್ದರು. ಆಗ ಅಲ್ಲಿ ಆ್ಯಸಿಡ್ ಹೌಸ್ ಸಂಗೀತದ ಹುಚ್ಚು. ವಾಪಸು ಬಂದಾಗ ಗೋಡೆ ಬಿದ್ದಿತ್ತು. ಪೂರ್ವ ಭಾಗದಲ್ಲಿ ಎಷ್ಟೋ ಕಟ್ಟಡಗಳು ಖಾಲಿ. ಯಾರದ್ದು ಅಂತಲೂ ಗೊತ್ತಿಲ್ಲ, ಬಾಡಿಗೆ ಯಾರಿಗೆ ಕೊಡಬೇಕು ಅಂತಲೂ ಗೊತ್ತಿಲ್ಲ.

ಆ ಗೊಂದಲದಲ್ಲೇ ಟೆಕ್ನೋ ಬೇರು ಬಿಟ್ಟಿತು. ಸಂಗೀತ ಇಲ್ಲಿಯದಲ್ಲ, ಅದನ್ನು ಹುಟ್ಟಿಸಿದ್ದು ಅಮೆರಿಕದ ಡೆಟ್ರಾಯ್ಟ್‌ನ ಕಪ್ಪು ಹುಡುಗರು. ಜಾಗ ಮಾತ್ರ ಬರ್ಲಿನ್ ಕೊಟ್ಟಿತು. 1991ರಲ್ಲಿ ಡಿಮಿಟ್ರಿ ಹೆಗೆಮಾನ್ ಮತ್ತು ಗೆಳೆಯರು ವರ್ಟ್‌ಹೈಮ್ ಅನ್ನುವ ಹಳೇ ಮಳಿಗೆಯ ನೆಲಮಾಳಿಗೆ ಹೊಕ್ಕರು. ಅಲ್ಲಿ ತುಕ್ಕು ಹಿಡಿದ ತಿಜೋರಿಗಳ ಸಾಲು. ಅಲ್ಲೇ ಕ್ಲಬ್ ಶುರುಮಾಡಿ 'ಟ್ರೆಸೋರ್' ಅಂತ ಹೆಸರಿಟ್ಟರು. ಅಂದರೆ ತಿಜೋರಿ, ಅಷ್ಟೇ. ಇನ್ನೊಂದು ಕ್ಲಬ್ಬಿನ ಹೆಸರು 'ಬುಂಕರ್'. ಯುದ್ಧಕಾಲದಲ್ಲಿ ಕಟ್ಟಿದ ದಪ್ಪ ಕಾಂಕ್ರೀಟಿನ ಆಶ್ರಯತಾಣ ಅದು. ಕಮ್ಯುನಿಸ್ಟ್ ಸರ್ಕಾರ ಇದ್ದಾಗ ಅದರಲ್ಲಿ ಹಣ್ಣು ಕೂಡಿಡುತ್ತಿದ್ದರಂತೆ, ಹಾಗಾಗಿ ಜನ 'ಬಾಳೆಹಣ್ಣಿನ ಬಂಕರ್' ಅನ್ನುತ್ತಿದ್ದರು. ನಮ್ಮೂರಿನವರಿಗೆ ಇಷ್ಟವಾಗುವ ಹೆಸರು, ಅಲ್ವಾ?

ಎಲೆನ್ ಮೊದಲು ಬಾರ್ ಕೌಂಟರಿನ ಹಿಂದೆ ಕೆಲಸ ಮಾಡಿದವರು. 1992ರಿಂದ ಈಚೆಗೆ ಬುಂಕರ್, ಟ್ರೆಸೋರ್, ಇ-ವೆರ್ಕ್ ಇಂಥ ಕಡೆ ಕಾಯಂ ಡಿಜೆ ಆದರು. ಹೊಸ ಸಂಗೀತ, ಹೊಸ ಜಾಗ. ಯಜಮಾನಿಕೆ ಇನ್ನೂ ಯಾರ ಕೈಗೂ ಸಿಕ್ಕಿರಲಿಲ್ಲ. ಬಾಗಿಲು ಇಲ್ಲದ ಮನೆಗೆ ಹೊಕ್ಕಂತೆ ಹೊಕ್ಕರು. ಬಾಗಿಲು ಕೂರಿಸಿದ ಮೇಲೆ ಬಂದಿದ್ದರೆ ಹೊರಗೇ ನಿಲ್ಲಬೇಕಿತ್ತೇನೋ.

"ಡಿಜೆ ಅಂದರೆ ಬೇರೆಯವರ ಹಾಡು ಹಾಕೋದು ತಾನೆ, ಅದರಲ್ಲಿ ಎಂತ ಉಂಟು?" ಅಂತ ಅಮ್ಮ ಕೇಳಿದ್ದರು. ನನಗೂ ಮೊದಲು ಹಾಗೇ ಅನಿಸುತ್ತಿತ್ತು. ಎರಡು ಟರ್ನ್‌ಟೇಬಲ್ ಇರುತ್ತವೆ, ಅಂದರೆ ರೆಕಾರ್ಡ್ ತಿರುಗಿಸುವ ಯಂತ್ರಗಳು. ಒಂದರ ಹಾಡನ್ನು ಜನ ಕೇಳುತ್ತಿರುತ್ತಾರೆ. ಇನ್ನೊಂದರದ್ದು ಡಿಜೆಯ ಹೆಡ್‌ಫೋನಿನಲ್ಲಿ ಮಾತ್ರ. ಎರಡರ ಓಟವೂ ಬೇರೆ ಬೇರೆ. ಒಂದು ನಿಮಿಷಕ್ಕೆ 128 ಪೆಟ್ಟು, ಇನ್ನೊಂದು 132 ಅಂದುಕೊಳ್ಳಿ. ಪಕ್ಕದ ಸ್ಲೈಡರ್ ಸರಿಸಿ, ಕಿವಿಯಿಂದಲೇ ಅಳೆದು, ಎರಡನ್ನೂ ಒಂದೇ ಹೆಜ್ಜೆಗೆ ತರಬೇಕು. ಕಂಬಳದ ಜೋಡಿ ಕೋಣಗಳ ಹಾಗೆ. ಒಂದು ಮುಂದೆ ಹೋದರೂ ಕೆಟ್ಟಿತು. ಈಗಿನ ಯಂತ್ರಗಳಲ್ಲಿ ಇದು ಸಲೀಸು. ಎಲೆನ್ ಕಲಿತಾಗ ಕಿವಿ ಬಿಟ್ಟರೆ ಬೇರೆ ದಾರಿ ಇರಲಿಲ್ಲ.

ಆದರೆ ಅದು ಬರೀ ಕೈಚಳಕ. ದೊಡ್ಡ ಕೆಲಸ ಬೇರೆಯೇ ಇದೆ, ರಾತ್ರಿಯನ್ನು ನಡೆಸುವುದು. ಎಷ್ಟು ಹೊತ್ತಿಗೆ ಏರಿಸಬೇಕು, ಎಲ್ಲಿ ಉಸಿರು ಬಿಡಬೇಕು, ಮೂರು ಗಂಟೆಗೆ ತೂಕಡಿಸುವವರನ್ನು ಹೇಗೆ ಎಬ್ಬಿಸಬೇಕು. ಇದೆಲ್ಲ ಪದ ಹಾಡಿ ಆಟ ನಡೆಸುವ ನಮ್ಮ ಭಾಗವತರು ಮಾಡುವುದೇ. ಮೇಳದಲ್ಲಿ ಪೂರ್ವರಂಗಕ್ಕೆ ಕಿರಿಯರು, ನಡುರಾತ್ರಿ ದಾಟಿದ ಮೇಲೆ ಪ್ರಧಾನ ಭಾಗವತರು. ಇಲ್ಲೂ ಹಾಗೇ. ಹನ್ನೊಂದಕ್ಕೆ ಖಾಲಿ ನೆಲದ ಮುಂದೆ ನುಡಿಸುವವರು ಬೇರೆ, ತುಂಬಿದ ಹೊತ್ತು ಸಿಗುವವರು ಬೇರೆ. ಪಟ್ಟಿಯಲ್ಲಿ ಹೆಂಗಸರ ಹೆಸರು ಇದೆಯೋ ಅಂತ ಮಾತ್ರ ನೋಡಿದರೆ ಸಾಲದು, ಯಾವ ಹೊತ್ತಿಗೆ ಇದೆ ಅಂತ ನೋಡಬೇಕು.

ಆ ರಾತ್ರಿ ನನಗೆ ಲೀಲಾವತಿ ಬೈಪಾಡಿತ್ತಾಯರು ಸುಮ್ನೆ ನೆನಪಾಗಲಿಲ್ಲ. ತೆಂಕುತಿಟ್ಟು ಶೈಲಿಯ ವೃತ್ತಿಮೇಳಗಳಲ್ಲಿ ಗಂಡಸರ ನಡುವೆ ಜಾಗಟೆ ಹಿಡಿದು ಕೂತವರು. ಯಕ್ಷಗಾನದ ಮೊದಲ ವೃತ್ತಿಪರ ಮಹಿಳಾ ಭಾಗವತರು ಅಂತ ಹೆಸರಾದವರು. 2023ರಲ್ಲಿ ರಾಜ್ಯೋತ್ಸವ ಪ್ರಶಸ್ತಿ ಬಂತು. ಮರುವರ್ಷ ಡಿಸೆಂಬರಿನಲ್ಲಿ ತೀರಿಕೊಂಡರು. ಚಿಕ್ಕವಳಿದ್ದಾಗ ಅಮ್ಮನ ಮಡಿಲಲ್ಲಿ ಕೂತು ಕ್ಯಾಸೆಟ್ಟಿನಲ್ಲಿ ಅವರ ದನಿ ಕೇಳಿದ್ದೇನೆ. ಚೆಂಡೆಯ ಅಬ್ಬರದ ಮೇಲೆ ಹೆಣ್ಣುದನಿ ನಿಲ್ಲುವುದಿಲ್ಲ ಅನ್ನುವವರು ಆಗಲೂ ಇದ್ದರು.

ಇಲ್ಲಿನ ನೆಪವೂ ಹೆಚ್ಚುಕಡಿಮೆ ಅದೇ. "ಕರೆಯೋಣ ಅಂದರೆ ಹೆಂಗಸರು ಸಿಗುವುದೇ ಇಲ್ಲ" ಅಂತ ಆಯೋಜಕರು ಹೇಳುತ್ತಿದ್ದರು. ವಿಯೆನ್ನಾದ ಎಲೆಕ್ಟ್ರಿಕ್ ಇಂಡಿಗೋ ಅನ್ನುವ ಡಿಜೆಗೆ ಇದನ್ನು ಕೇಳಿ ಸಾಕಾಗಿ, 1998ರಲ್ಲಿ 'ಫೀಮೇಲ್ ಪ್ರೆಷರ್' ಅಂತ ಒಂದು ಜಾಲ ಕಟ್ಟಿದರು. ಸಿಗುವುದಿಲ್ಲವಾ, ತಗೊಳ್ಳಿ ಹೆಸರುಗಳು, ಅಂತ. ಮುಂದೆ ಅದೇ ಗುಂಪು ಉತ್ಸವಗಳ ಪಟ್ಟಿ ಹಿಡಿದು ಎಣಿಸಲು ಕೂತಿತು. 2012ರಲ್ಲಿ ನೂರಕ್ಕೆ ಹತ್ತೂ ಹೆಂಗಸರಿರಲಿಲ್ಲ. 2020ರ ಹೊತ್ತಿಗೆ ಕಾಲು ಭಾಗಕ್ಕೆ ಬಂದಿತ್ತು. ಏರಿಕೆ ಹೌದು. ಆದರೂ ಕಾಲೇ ತಾನೆ.

ಎಲೆನ್ ಮಾಡಿದ ಜಾಣತನ ನನಗೆ ಇಷ್ಟವಾಗುವುದು ಇಲ್ಲಿ. ಕರೆ ಬರಲಿ ಅಂತ ಅವರು ಕಾಯಲಿಲ್ಲ. ತಮ್ಮದೇ ಮೇಳ ಕಟ್ಟಿದರು. ಮೊದಲ ಪ್ರಯತ್ನ 'ಬ್ರೇನ್‌ಕ್ಯಾಂಡಿ' ಅನ್ನುವ ಲೇಬಲ್, ಅಂದರೆ ರೆಕಾರ್ಡ್ ಕಂಪನಿ. ಅದು 1997ರಲ್ಲಿ ನಿಂತುಹೋಯಿತು. ಮುಖ ಸಪ್ಪೆ ಮಾಡಿಕೊಂಡು ಕೂರದೆ ಪಾರ್ಟಿಗಳನ್ನು ಮಾಡಿದರು. 1999ರಲ್ಲಿ 'ಬಿಪಿಚ್ ಕಂಟ್ರೋಲ್' ಶುರುವಾಯಿತು. ಪಿಚ್ ಕಂಟ್ರೋಲ್ ಅಂದರೆ ನಾನು ಆಗಲೇ ಹೇಳಿದ ಆ ಸ್ಲೈಡರ್. ಪಾಲ್ ಕಾಲ್ಕ್‌ಬ್ರೆನ್ನರ್, ಮೋಡ್‌ಸೆಲೆಕ್ಟರ್, ಅಪರಾಟ್ ಇವರೆಲ್ಲ ದೊಡ್ಡ ಹೆಸರಾಗುವ ಮೊದಲು ರೆಕಾರ್ಡ್ ತಂದದ್ದು ಈ ಲೇಬಲ್ಲಿನಿಂದ. ಗಂಡಸರು ಪಟ್ಟಿ ಮಾಡುವ ಜಾಗದಲ್ಲಿ ಹೆಂಗಸೊಬ್ಬಳು ಗಂಡಸರ ಪಟ್ಟಿ ಮಾಡಿದ್ದು! 2001ರಲ್ಲಿ ಅವರ ಮೊದಲ ಆಲ್ಬಂ ಬಂತು. ಹೆಸರು 'ಸ್ಟಾಟ್‌ಕಿಂಡ್', ಅಂದರೆ ಪಟ್ಟಣದ ಕೂಸು. 2020ರಲ್ಲಿ ಕೊರೊನಾ ಬಂದು ಕ್ಲಬ್ಬುಗಳೆಲ್ಲ ಮುಚ್ಚಿದಾಗ ಮನೆಯ ಬಾಲ್ಕನಿಯಲ್ಲೇ ಮೇಜು ಹಾಕಿ ನುಡಿಸಿದರು. ನಾನೂ ಆಗ ಒಂಟಿ ಕೋಣೆಯಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತು ನೋಡಿದ್ದೆ.

2024ರಲ್ಲಿ ಜರ್ಮನಿ ಬರ್ಲಿನ್ನಿನ ಟೆಕ್ನೋವನ್ನು ತನ್ನ ಸಾಂಸ್ಕೃತಿಕ ಪರಂಪರೆಯ ಪಟ್ಟಿಗೆ ಸೇರಿಸಿತು. ಅದೇ ವರ್ಷದ ಕೊನೆಗೆ, ನದಿ ದಂಡೆಯಲ್ಲಿ ಇಪ್ಪತ್ತೆರಡು ವರ್ಷ ನಡೆದ 'ವಾಟರ್‌ಗೇಟ್' ಕ್ಲಬ್ ಮುಚ್ಚಿತು. ಖಾಲಿ ಕಟ್ಟಡಗಳ ಕಾಲ ಮುಗಿಯಿತು, ಬಾಡಿಗೆ ಈಗ ಆಕಾಶದಲ್ಲಿದೆ. ಸನ್ಮಾನ ಒಂದು ಕಡೆ, ಬಾಗಿಲಿಗೆ ಬೀಗ ಇನ್ನೊಂದು ಕಡೆ. ಮೇಳಗಳ ಕಷ್ಟ ನೋಡಿದವರಿಗೆ ಇದು ಹೊಸದಲ್ಲ.

ಇಷ್ಟನ್ನೂ ಅಮ್ಮನಿಗೆ ಹೇಳಿದೆ. ಕೇಳಿಸಿಕೊಂಡರು. "ಹಾಗಾದರೆ ಕಳಿಸು, ನಾನೂ ಕೇಳುತ್ತೇನೆ" ಅಂದರು. ಎಲೆನ್ ನುಡಿಸಿದ ಎರಡು ಗಂಟೆಯ ರೆಕಾರ್ಡಿಂಗ್ ಒಂದನ್ನು ವಾಟ್ಸಾಪ್‌ನಲ್ಲಿ ಕಳಿಸಿದೆ. ಇಪ್ಪತ್ತು ನಿಮಿಷ ಬಿಟ್ಟು ಮತ್ತೆ ಫೋನ್.

"ಚೆಂಡೆ ಪರವಾಗಿಲ್ಲ ಮಾರಾಯ್ತಿ, ತಾಳ ಬಿಡಲೇ ಇಲ್ಲ. ಪದ ಎಷ್ಟು ಹೊತ್ತಿಗೆ ಶುರು?"