ಬೆಂಕಿ ಸುತ್ತ ಸೊಲ್ಲು

ಹೋದ ಡಿಸೆಂಬರ್‌ನಲ್ಲಿ ನಮ್ಮ ಶಾಲೆಯ ಮಕ್ಕಳನ್ನು ಕಲಬುರಗಿಯಿಂದ ಚಿಂಚೋಳಿ ಕಡೆಯ ಒಂದು ಹಳ್ಳಿಗೆ ಸ್ಕೌಟ್ ಶಿಬಿರಕ್ಕೆ ಕರೆದುಕೊಂಡು ಹೋಗಿದ್ದೆವು. ಮೊದಲ ರಾತ್ರಿ ಶಿಬಿರಾಗ್ನಿ. ಅದಕ್ಕಾಗಿ ನಾನು ಒಂದು ವಾರದಿಂದ ಕಾಯುತ್ತಿದ್ದೆ. ನನ್ನ ಫೋನಿನಲ್ಲಿ ಒಂದು ಹಳೆಯ ಆಲ್ಬಮ್ ಇತ್ತು. ಅದನ್ನು ಬೆಂಕಿಯ ಮುಂದೆಯೇ ಮಕ್ಕಳಿಗೆ ಕೇಳಿಸಬೇಕು ಅನ್ನುವುದು ನನ್ನ ಆಸೆ.

ಆಲ್ಬಮ್ಮಿನ ಹೆಸರು ‘ಕ್ಯಾಂಪ್ ಸಾಂಗ್ಸ್’. ಅಮೆರಿಕದ ಜನಪದ ಗಾಯಕ ಪೀಟ್ ಸೀಗರ್, ಎರಿಕ್ ಡಾರ್ಲಿಂಗ್ ಮತ್ತು ಸಾಂಗ್ ಸ್ವಾಪರ್ಸ್ ಎಂಬ ಗುಂಪು ಸೇರಿ ಹಾಡಿದ್ದು. 1955ರಲ್ಲಿ ಫೋಕ್‌ವೇಸ್ ಕಂಪನಿ ಹೊರತಂದಿತು. ಸೀಗರ್ ಅಂದರೆ ಜನ ದೊಡ್ಡ ದೊಡ್ಡ ಹೋರಾಟದ ಹಾಡುಗಳನ್ನೇ ನೆನೆಯುತ್ತಾರೆ. ಮಕ್ಕಳಿಗಾಗಿ ಮಾಡಿದ ಈ ಸಣ್ಣ ಗ್ರಾಮಫೋನ್ ತಟ್ಟೆಯ ಹೆಸರು ಹೇಳುವವರು ಕಡಿಮೆ. ನನಗೆ ಮಾತ್ರ ಇದೇ ಜಾಸ್ತಿ ಇಷ್ಟ.

ಅದಕ್ಕೆ ಆ 1955 ಅನ್ನುವ ಇಸವಿಯೂ ಒಂದು ಕಾರಣ. ಐದು ವರ್ಷ ಮುಂಚೆ ಸೀಗರ್ ಇದ್ದ ವೀವರ್ಸ್ ತಂಡದ ಒಂದು ಹಾಡು 13 ವಾರ ಅಮೆರಿಕದಲ್ಲಿ ಮೊದಲ ಸ್ಥಾನದಲ್ಲಿತ್ತು. ಆಮೇಲೆ ಕಮ್ಯುನಿಸ್ಟ್ ಎಂಬ ಆರೋಪ ಬಂತು. ರೇಡಿಯೊ, ಟೀವಿ, ದೊಡ್ಡ ವೇದಿಕೆ ಎಲ್ಲ ಕೈತಪ್ಪಿದವು. 1955ರ ಆಗಸ್ಟ್‌ನಲ್ಲಿ ಸಂಸತ್ತಿನ ಸಮಿತಿ ಕರೆಸಿ ವಿಚಾರಿಸಿತು. ಅವರು ತಮ್ಮ ನಂಬಿಕೆಯ ಬಗ್ಗೆಯಾಗಲಿ ಗೆಳೆಯರ ಬಗ್ಗೆಯಾಗಲಿ ಬಾಯಿ ಬಿಡಲಿಲ್ಲ. 1961ರಲ್ಲಿ ಒಂದು ವರ್ಷದ ಜೈಲು ಶಿಕ್ಷೆಯಾಯಿತು. ಮರುವರ್ಷ ಮೇಲಿನ ಕೋರ್ಟು ಅದನ್ನು ರದ್ದು ಮಾಡಿತು. ಆ ವರ್ಷಗಳಲ್ಲೆಲ್ಲ ಅವರ ಮುಂದೆ ಕೂತು ಕೇಳಿದವರು ಶಾಲೆ, ಕಾಲೇಜು, ಬೇಸಿಗೆ ಶಿಬಿರದ ಮಕ್ಕಳು. ಅಷ್ಟು ಕಷ್ಟದ ಕಾಲದ ಹಾಡುಗಳಲ್ಲಿ ಎಷ್ಟು ಖುಷಿ ಇದೆ ಅಂತ ನನಗೆ ಪ್ರತಿ ಸಲವೂ ಅನಿಸುತ್ತದೆ.

ಹಳ್ಳಿ ಶಾಲೆಯ ಮೈದಾನದಲ್ಲಿ ತೊಗರಿ ಕಟ್ಟಿಗೆ ಒಟ್ಟಿ ಬೆಂಕಿ ಹಚ್ಚಿದೆವು. ಒಣ ತೊಗರಿ ಕಟ್ಟಿಗೆ ಚಟಚಟ ಅಂತ ಉರಿಯುತ್ತದೆ, ಬೇಗ ಮುಗಿಯುತ್ತದೆ, ಹಾಕುತ್ತಲೇ ಇರಬೇಕು. ಮಕ್ಕಳು ಶಾಲು ಹೊದ್ದು ಸುತ್ತ ಕೂತರು. ‘ಹಮ್ ಹೋಂಗೆ ಕಾಮಿಯಾಬ್ ಹಾಡ್ತೀರಲ್ವಾ? ಅದರ ಮೂಲ ಇಂಗ್ಲಿಷ್ ಹಾಡನ್ನು ಊರೂರಿಗೆ ಮುಟ್ಟಿಸಿದವರಲ್ಲಿ ಇವರೂ ಒಬ್ಬರು’ ಅಂತ ಹೇಳಿ ಸ್ಪೀಕರ್ ಹಚ್ಚಿದೆ.

ಮೊದಲ ಹಾಡಿಗೆ ಎಲ್ಲರೂ ಸುಮ್ನೆ ಕೂತು ಕೇಳಿದರು. ಎರಡನೆಯದಕ್ಕೆ ಹಿಂದಿನ ಸಾಲಿನಲ್ಲಿ ಪಿಸುಮಾತು ಶುರುವಾಯಿತು. ಮೂರನೆಯದಕ್ಕೆ ಆರನೇ ಕ್ಲಾಸಿನ ಒಬ್ಬಳು ಹುಡುಗಿ ಎದ್ದು ನಿಂತಳು.

‘ಸರ್, ಎಲ್ಲಾ ಅವರೇ ಹಾಡ್ಲಾಕತ್ತಾರ. ನಾವ್ ಯಾವಾಗ ಹಾಡಾದು?’

ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಶಾಲೆಯ ಕಾವಲು ಕಾಯುವ ಮುತ್ಯಾ ಪರ್ಸಿ ಕಲ್ಲಿನ ಕಟ್ಟೆ ಮೇಲೆ ಕೂತು ಕೇಳುತ್ತಿದ್ದರು. ಬ್ಯಾಂಜೊ ದನಿಗೆ ‘ಏನ್ ತಂಬೂರಿ ಅದು?’ ಅಂತ ಆಗಲೇ ಎರಡು ಸಲ ಕೇಳಿದ್ದರು. ಈಗ ಅಂದರು: ‘ಖರೇ ಅದರಿ ಸರ್. ಮೊಹರಂನಾಗ ಹಾಡೋ ಅಲಾಯಿ ಪದ ಇದ್ದಂಗೇ ಅದ ಇದು. ಒಬ್ಬಾವ ಎತ್ತತಾನ, ಉಳಿದವ್ರು ಸೊಲ್ಲು ಹಿಡೀತಾರ. ಹಿಡ್ಯವ್ರು ಇಲ್ಲಂದ್ರ ಪದ ಹೆಂಗ ಮುಂದಕ್ಕ ಹೋಗ್ತದ?’

ನಾನು ಒಂದು ವರ್ಷದಿಂದ ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಒಬ್ಬನೇ ಕೇಳಿದ ಹಾಡುಗಳು ಇವು. ಸೀಗರ್ ವೇದಿಕೆಯ ಮೇಲೆ ಮುಂದಿನ ಸಾಲನ್ನು ಮೊದಲೇ ಜೋರಾಗಿ ಹೇಳಿಕೊಟ್ಟು ಜನರಿಂದಲೇ ಹಾಡಿಸುತ್ತಿದ್ದರು ಅಂತ ಓದಿಯೂ ಇದ್ದೆ. ಆದರೂ ಮಕ್ಕಳನ್ನು ಸ್ಪೀಕರಿನ ಮುಂದೆ ಕೂರಿಸಿದ್ದೆ. ಸ್ಪೀಕರ್ ಬಂದ್ ಮಾಡಿದೆ.

‘ನೀನೇ ಒಂದು ಎತ್ತು ನೋಡೋಣ’ ಅಂದೆ ಆ ಹುಡುಗಿಗೆ. ಅವಳು ಬೆಂಕಿ ನೋಡಿದಳು, ನಕ್ಕಳು, ಕಾಮಣ್ಣನ ಹಾಡು ಎತ್ತಿದಳು. ಹೋಳಿಯಲ್ಲಿ ಕಟ್ಟಿಗೆ, ಕುಳ್ಳು ಕದ್ದವರು ಯಾರು, ಯಾಕೆ ಕದ್ದರು ಅಂತ ಪ್ರಶ್ನೆ ಉತ್ತರದಲ್ಲಿ ಸಾಗುತ್ತದಲ್ಲ, ಅದು. ಡಿಸೆಂಬರಿನಲ್ಲಿ ಹೋಳಿ ಹಾಡು! ಯಾರಿಗೂ ಅದು ತಪ್ಪು ಅನಿಸಲಿಲ್ಲ. ಅವಳು ಕೇಳಿದಳು, ಅರವತ್ತು ಮಕ್ಕಳು ಉತ್ತರ ಕೊಟ್ಟರು. ಕೊನೆಗೆ ಎಲ್ಲರೂ ಬಾಯಿ ಬಡಿದುಕೊಂಡು ಲಬೋ ಲಬೋ ಅಂದಾಗ ಊರ ನಾಯಿಗಳೂ ದನಿ ಕೂಡಿಸಿದವು.

ಆಮೇಲೆ ಮುತ್ಯಾ ಎದ್ದರು. ಮೊಹರಂನಲ್ಲಿ ಅಲಾಯಿ ಕುಣಿಯ ಬೆಂಕಿಯ ಸುತ್ತ ಹೆಜ್ಜೆ ಹಾಕುತ್ತ ಹಾಡುವ ಪದ. ನಮ್ಮ ಕಡೆ ಇದನ್ನು ಹಾಡಲು ಜಾತಿ ಧರ್ಮ ಯಾವುದೂ ಅಡ್ಡ ಬರುವುದಿಲ್ಲ. ಅವರ ದನಿ ಒಡೆದಿತ್ತು, ಲಯ ಮಾತ್ರ ಒಂದಿಷ್ಟೂ ಜಾರಲಿಲ್ಲ. ಮಕ್ಕಳಿಗೆ ಪದ ಬರುತ್ತಿರಲಿಲ್ಲ. ಮುತ್ಯಾ ಪ್ರತಿ ಸೊಲ್ಲನ್ನೂ ಮೊದಲು ಮಾತಿನಲ್ಲಿ ಹೇಳಿಕೊಟ್ಟರು, ಆಮೇಲೆ ಹಾಡಿಸಿದರು. ಸೀಗರ್ ಮಾಡುತ್ತಿದ್ದ ಹಾಗೇ. ನನಗೆ ಮೈ ಜುಮ್ಮೆಂದಿತು.

ಬೆಂಕಿ ಕೆಂಡವಾಗುವ ಹೊತ್ತಿಗೆ ಮಕ್ಕಳೇ ಕೇಳಿದರು: ‘ಆ ಅಜ್ಜಂದು ಇನ್ನೊಮ್ಮೆ ಹಚ್ರಿ ಸರ್.’ ಹಚ್ಚಿದೆ. ಈ ಸಲ ಯಾರೂ ಸುಮ್ಮನೆ ಕೂರಲಿಲ್ಲ. ಇಂಗ್ಲಿಷ್ ಗೊತ್ತಾದಷ್ಟು ಹಿಡಿದರು, ಗೊತ್ತಾಗದ ಕಡೆ ಚಪ್ಪಾಳೆ ತಟ್ಟಿದರು. ಎಲ್ಲಿ ಜಾಗ ಸಿಕ್ಕಿತೋ ಅಲ್ಲಿ ಲಬೋ ಲಬೋ ಸೇರಿಸಿದರು. ಮುತ್ಯಾ ಕಟ್ಟೆಯ ಮೇಲಿಂದಲೇ ಕಾಲು ಕುಣಿಸುತ್ತ ತಾಳ ಹಾಕಿದರು.

ಬೆಳಿಗ್ಗೆ ಬಸ್ಸಿನಲ್ಲಿ ಒಬ್ಬ ಹುಡುಗ ನನ್ನ ಪಕ್ಕ ಬಂದು ಕೂತ. ರಾತ್ರಿ ಕೂಗಿ ಕೂಗಿ ಅವನ ಗಂಟಲು ಕಟ್ಟಿತ್ತು.

‘ಸರ್, ಆ ಅಜ್ಜ ಈಗ ಅದಾರೇನ್ರಿ?’

‘ಇಲ್ಲಪ್ಪ, 2014ರಲ್ಲಿ ತೀರಿಕೊಂಡರು. 94 ವರ್ಷ ಆಗಿತ್ತು.’

ಅವನು ಸ್ವಲ್ಪ ಹೊತ್ತು ಕಿಟಕಿ ಆಚೆ ತೊಗರಿ ಹೊಲ ನೋಡಿದ.

‘ಅಂದ್ರ ನಮ್ದು ಅವ್ರಿಗಿ ಕೇಳ್ಸಂಗಿಲ್ಲ’ ಅಂದ.